ಮೂರು ಸಲ ಕೂಗಿದ ಹೆಸರು

ನನ್ನ ಬಾಯಿ ಜೋರು ಅಂತ ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ ಬಿಡಿ. ಮುಂಗಾರು ಹಿಂಗಾರು ಎರಡೂ ಕೈಕೊಟ್ಟ ಆ ವರ್ಷ ಹುಣಸೂರಿನ ಒಂದು ಗೋಡೌನಿನಿಂದ ಸುತ್ತಲಿನ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಗೆ ಅಕ್ಕಿ, ರಾಗಿಹಿಟ್ಟು, ಬೇಳೆ, ಎಣ್ಣೆಯ ಮೂಟೆ ಹಂಚಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈ ಕೆಲಸಕ್ಕೆ ಜೋರು ಬಾಯಿಯೇ ಸರಿ ಅಂದುಕೊಂಡಿದ್ದೆ. ಎಚ್.ಡಿ. ಕೋಟೆ ಕಡೆ ಒಂದೂರಿನಲ್ಲಿ ಒಬ್ಬರ ಮೂಟೆ ಇನ್ನೊಬ್ಬರು ಹೊತ್ತುಕೊಂಡು ಹೋಗಿ ಜುಟ್ಟು ಹಿಡಿದು ಜಗಳವಾಡಿದ ಮೇಲೆ ನಾನೇ ಒಂದು ಕಾನೂನು ಮಾಡಿದೆ. ಪಟ್ಟಿಯಲ್ಲಿರುವ ಹೆಸರನ್ನು ಮೂರು ಸಲ ಕೂಗುವುದು. ಆ ಮನೆಯವರೇ ಬಂದು ಹೆಬ್ಬೆಟ್ಟು ಒತ್ತಬೇಕು. ಬರದಿದ್ದರೆ ಆ ಮೂಟೆ ಪಟ್ಟಿಯಲ್ಲಿ ಹೆಸರಿಲ್ಲದೆ ಕಾಯುತ್ತ ನಿಂತವರಿಗೆ. ಯಾರ ಪರವಾಗಿಯೂ ಯಾರೂ ಮಾತಾಡಕೂಡದು.

ಹಾರನಹಳ್ಳಿಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನಲ್ಲಿ ಮಾರಿಗುಡಿಯ ಅಂಗಳದಲ್ಲಿ ಹಂಚುವುದೆಂದು ಗೊತ್ತುಮಾಡಿದ್ದೂ ನಾನೇ. ನೆರಳಿತ್ತು, ವ್ಯಾನು ತಿರುಗಿಸಲು ಜಾಗವಿತ್ತು. ಅಲ್ಲಿಂದ ಕೆ.ಆರ್. ನಗರದ ಕಡೆಗೂ ಹೋಗಬೇಕಾಗಿದ್ದರಿಂದ ಅವಸರದಲ್ಲಿದ್ದೆ. ಕೊನೆಯ ಮೂಟೆಯ ಹೆಸರಿಗೆ ಯಾರೂ ಓಗೊಡಲಿಲ್ಲ. ಮೂರು ಸಲ ಕೂಗಿದೆ. ಕಾಯುತ್ತಿದ್ದವರಲ್ಲಿ ಮೊದಲು ನಿಂತಿದ್ದ ತೆಳ್ಳಗಿನ ಹೆಂಗಸು ಮುಂದೆ ಬಂದು, "ಅಮ್ಮಾರೇ, ಅವ್ರ ಮನೇಲಿ..." ಎಂದು ಬಾಯಿ ತೆಗೆದಳು.

"ನಿನಗೆ ಬೇಕೋ ಬೇಡವೋ, ಅಷ್ಟು ಹೇಳು! ಊರವರ ವಕಾಲತ್ತು ನಿನಗ್ಯಾಕೆ?" ಎಂದು ಗದರಿದೆ. ಅವಳು ತಲೆ ತಗ್ಗಿಸಿ ಹೆಬ್ಬೆಟ್ಟು ಒತ್ತಿದಳು, ಮೂಟೆ ಹೊತ್ತುಕೊಂಡು ಹೋದಳು.

ನಾವು ಹೊರಟಾಗ ರಸ್ತೆಯ ತಿರುವಿನಲ್ಲಿ ಒಬ್ಬಳು ಅಜ್ಜಿ ಖಾಲಿ ಚೀಲ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಅಂಗಳದಿಂದಲೇ ಅವಳನ್ನು ನೋಡಿದ್ದೆ, ಸುಮ್ಮನೆ ನೋಡಲು ನಿಂತವಳು ಅಂದುಕೊಂಡಿದ್ದೆ. ವ್ಯಾನಿಗೆ ಕೈ ಅಡ್ಡ ಹಿಡಿದು, "ಅವ್ವಾ, ನಮ್ದೂ ಕೊಟ್ಬುಡಿ" ಎಂದಳು. ಹೆಸರು ಕೇಳಿದೆ. ಮೂರು ಸಲ ಕೂಗಿದ್ದ ಹೆಸರೇ.

"ಅಲ್ಲಜ್ಜಿ, ಇಷ್ಟು ಹೊತ್ತು ಇಲ್ಲೇ ನಿಂತಿದ್ದೀಯಲ್ಲ, ಅಲ್ಲಿಗೆ ಬರೋಕೇನಾಗಿತ್ತು?"

"ಪುರುಡು ಕಣ್ರವ್ವ. ಮಗ್ಳಿಗೆ ಹೆರಿಗೆ ಆಗಿ ಆರು ದಿನ. ಹನ್ನೊಂದು ಕಳೆಯೋಗಂಟ ನಮ್ಮನೆಯೋರು ಗುಡಿ ಅಂಗ್ಳ ತುಳಿಯಂಗಿಲ್ಲ."

ಹೆರಿಗೆಯಾದ ಮನೆಯವರು ಗುಡಿಗೆ ಕಾಲಿಡುವುದಿಲ್ಲ ಎನ್ನುವುದು ಈ ಸೀಮೆಯಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲದ್ದೇ? ನೆರಳು ನೋಡಿದೆ, ವ್ಯಾನು ನೋಡಿದೆ, ಅದೊಂದು ತಲೆಗೆ ಹೊಳೆಯಲಿಲ್ಲ. ಅಜ್ಜಿ ಹೇಳುತ್ತಲೇ ಇದ್ದಳು. ಹೊಗೆಸೊಪ್ಪು ಮೇಲೇಳದೆ ಊರಿನಲ್ಲಿ ಕೂಲಿಯಿಲ್ಲ, ಅಳಿಯ ಕೊಡಗಿನ ತೋಟಕ್ಕೆ ಹೋಗಿದ್ದಾನೆ, ಬಾಣಂತಿಗೆ ಎರಡು ದಿನದಿಂದ ತಿಳಿಗಂಜಿಯೇ ಗತಿ. "ಮಗೀಗೆ ಹಾಲೇ ಸಾಲ್ದು ಕಣವ್ವ."

ವ್ಯಾನಿನಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಡ್ರೈವರ್ ಮೆಲ್ಲಗೆ, "ದೇವ್ರು ವರ ಕೊಟ್ರೂ ಪೂಜಾರಿ ಕೊಡಾಕಿಲ್ಲ ಅಂತಾರಲ್ಲ ಮೇಡಂ, ಅಂಗಾಯ್ತು" ಎಂದ. ಸುಮ್ಮನಿರಯ್ಯ ಎಂದೆ. ಪೂಜಾರಿ ಯಾರೆಂದು ಕೇಳುವ ಮುಖ ನನಗಿರಲಿಲ್ಲ.

ಕೆಳಗಿಳಿದು, "ಆ ತೆಳ್ಳಗಿನವಳ ಮನೆ ತೋರಿಸಜ್ಜಿ, ಮೂಟೆ ವಾಪಸು ಕೊಡಿಸ್ತೀನಿ" ಎಂದೆ. ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಬ್ಯಾಡಿ ಕಣವ್ವ. ಅವ್ಳ ಮಕ್ಳೂ ಹಸ್ಕಂಡವೆ. ಕೊಟ್ಟುದ್ದ ಕಿತ್ಕಬಾರ್ದು."

ಬಾಣಂತಿಯನ್ನಾದರೂ ನೋಡೋಣವೆಂದು ಅಜ್ಜಿಯ ಜೊತೆ ನಡೆದೆ. ಹೋಗಿ ನೋಡಿದರೆ ಆ ತೆಳ್ಳಗಿನ ಹೆಂಗಸು ಆಗಲೇ ಅಜ್ಜಿಯ ಜಗಲಿಯ ಮೇಲೆ ಮೊರ ಇಟ್ಟು ಅಕ್ಕಿ ಸುರಿಯುತ್ತಿದ್ದಳು. ನನ್ನನ್ನು ಕಂಡು ಬೆಚ್ಚಿ ಎದ್ದು ನಿಂತಳು.

"ಬೈಬ್ಯಾಡಿ ಅಮ್ಮಾರೇ. ಆಗ್ಲೂ ಇದ್ನೇ ಯೋಳಕ್ಕೆ ಬಂದಿದ್ದು. ಅರ್ಧ ಮನೇಲಿ ಇಟ್ಟು ಅರ್ಧ ತಂದಿವ್ನಿ. ಬೇಕಾರೆ ಬರ್ಕಳಿ."

ಏನು ಬರೆದುಕೊಳ್ಳಲಿ? ಒಳಗೆ ಕೂಸು ಅಳುತ್ತಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಅತ್ತುಬಿಟ್ಟೆ. ನನಗೆ ಅಷ್ಟು ನಾಚಿಕೆಯಾಗಿತ್ತು.

ಮಾರನೆಯ ದಿನ ಎರಡು ಮೂಟೆ ತಂದು ಎರಡೂ ಮನೆಯ ಬಾಗಿಲಿಗೆ ಇಳಿಸಿದೆ. ಅಜ್ಜಿಯ ಮನೆಯಲ್ಲಿ ಬಾಣಂತಿ ಅನ್ನ ಉಣ್ಣುತ್ತಿದ್ದಳು. ನನಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಜಗಲಿಯಲ್ಲಿ ಕೂತು ಕೇಳಿಯೇಬಿಟ್ಟೆ.

"ಒಳಗೆ ಬರೋ ಹಾಗಿರಲಿಲ್ಲ, ಸರಿ. ರಸ್ತೆಯಿಂದಲೇ ಒಂದು ಕೂಗು ಹಾಕಬಾರದಿತ್ತೇನಜ್ಜಿ? ಮಾರವ್ವ ಅದಕ್ಕೂ ಮುನೀತಿದ್ದಳೇ?"

"ಅವ್ಳ್ಯಾಕೆ ಮುನಿದಾಳು, ಅವ್ಳು ತಾಯಿ ಕಣವ್ವ" ಎಂದಳು ಅಜ್ಜಿ. "ಕೂಗಾಕೇ ಬಾಯಿ ತೆಗ್ದಿದ್ದೆ. ಅಷ್ಟ್ರಲ್ಲಿ ನೀವು ಆ ಹೆಣ್ಮಗ್ಳಿಗೆ ಗದರುದ್ರಿ. ನಿಮ್ಗೆ ಎದ್ರುಕಂಡು ಸುಮ್ಕಾದೆ."