ಒಂದು ಮೊರ ತೌಡಿನ ಕೂಸು

ನಾನು ಚಿಕ್ಕವಳಿದ್ದಾಗ ನನ್ನ ಎಡ ಸೊಂಟದ ಮೇಲೆ ಯಾವಾಗಲೂ ಒಂದು ಕೂಸು ಇರುತ್ತಿತ್ತು. ಅದು ನನ್ನ ತಮ್ಮ. ಈಗ ಮಳವಳ್ಳಿಯಿಂದ ಬಂದು, ಚಪ್ಪಲಿ ಬಿಡುವ ಮೊದಲೇ ನಿಮ್ಮ ಟೀವಿ ಆರಿಸಿ ಬೈಯುವ ತಾತ ಇದ್ದಾರಲ್ಲ, ಅವರೇ. ಆಗ ಅವರಿಗೆ ಒಂದು ಹಲ್ಲೂ ಇರಲಿಲ್ಲ, ಮೈಮೇಲೆ ಚಡ್ಡಿಯೂ ಇರಲಿಲ್ಲ. ಸೊಂಟಕ್ಕೊಂದು ಉಡುದಾರ, ಮುಂಗೈಗೊಂದು ಬಜೆಯ ತುಂಡು, ಕೆನ್ನೆಗೊಂದು ಕಪ್ಪು ಬೊಟ್ಟು. ಅವರ ಆಸ್ತಿ ಅಷ್ಟೇ.

ನಮ್ಮೂರು ಆತಗೂರಿನ ಹತ್ತಿರ. ಅಪ್ಪ, ಅವ್ವ ಇಬ್ಬರೂ ಗದ್ದೆಗೆ ಹೋಗುತ್ತಿದ್ದರು. ಅಜ್ಜಿಗೆ ಮಂಡಿ ನೋವು. ಹಾಗಾಗಿ ಕೂಸನ್ನು ಹೊರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಶಾಲೆಯಿಂದ ಬಂದು ಸ್ಲೇಟು ಇಳಿಸಿದ ಕೂಡಲೇ ಕೂಸನ್ನು ಏರಿಸಿಕೊಳ್ಳಬೇಕು. ಅವನನ್ನು ಕೆಳಗೆ ಬಿಟ್ಟರೆ ಮಣ್ಣು ತಿನ್ನುತ್ತಿದ್ದ, ಎತ್ತಿಕೊಂಡರೆ ನನ್ನ ಜಡೆ ತಿನ್ನುತ್ತಿದ್ದ. ನಾನು ಒಗೆದ ಲಂಗ ಹಾಕಿಕೊಂಡ ದಿನ ಅವನಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಒಂದು ಸಲ ಹುಣಸೆ ಬೀಜವನ್ನು ಮೂಗಿಗೆ ಏರಿಸಿಕೊಂಡ. ಅಜ್ಜಿ ಗಾಬರಿಯಾಗದೆ ತನ್ನ ನಶ್ಯದ ಡಬ್ಬಿಯನ್ನು ಅವನ ಮೂಗಿನ ಹತ್ತಿರ ಹಿಡಿದಳು. ಕೂಸು ಸೀನಿದ ರಭಸಕ್ಕೆ ಬೀಜ ಹಾರಿ ಅಪ್ಪನ ಊಟದ ತಟ್ಟೆಯಲ್ಲಿ ಬಿತ್ತು. ಅಪ್ಪ ಅದನ್ನು ಬೆರಳಿನಿಂದ ತೆಗೆದು ಪಕ್ಕಕ್ಕಿಟ್ಟು, ಏನೂ ಆಗದವನಂತೆ ಮುದ್ದೆ ಮುರಿದ.

ಅಪ್ಪ ಹಾಗೆಯೇ ಇದ್ದ. ಕೂಸು ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದ, ನಕ್ಕರೂ ಹೊರಗೆ ಹೋಗುತ್ತಿದ್ದ. ಹುಟ್ಟಿದಾಗಿನಿಂದ ಒಂದು ದಿನವೂ ಅವನನ್ನು ಎತ್ತಿಕೊಂಡಿರಲಿಲ್ಲ. ನನಗೂ ಈ ತಮ್ಮನಿಗೂ ನಡುವೆ ಇನ್ನೆರಡು ಕೂಸುಗಳು ಹುಟ್ಟಿದ್ದವು, ಎರಡೂ ಉಳಿಯಲಿಲ್ಲ. ಎರಡು ಸಲವೂ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊಲದ ಕಡೆ ಹೋದವನು ಅಪ್ಪನೇ. ಆಗಿನಿಂದ ಅವನ ಕೈ ಕೂಸಿನ ಕಡೆ ಹೋಗುತ್ತಿರಲಿಲ್ಲ. ಈ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ತಮ್ಮನಿಗೆ ಒಂಬತ್ತು ತಿಂಗಳಾದಾಗ ಹಲ್ಲು ಹುಟ್ಟುವ ಭೇದಿ ಶುರುವಾಯಿತು. ಹೊತ್ತು ತಿರುಗುತ್ತಿದ್ದ ನನಗೇ ಅವನು ಹಗುರಾದದ್ದು ಮೊದಲು ತಿಳಿದದ್ದು. ಅವ್ವ ಮದ್ದೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಂದ ಸೀಸೆಯಲ್ಲಿ ಔಷಧಿ ತಂದಳು. ಅಜ್ಜಿ ವೈದ್ಯನಾಥಪುರದ ದೇವರಿಗೆ ಹರಕೆ ಕಟ್ಟಿಕೊಂಡಳು. ಅದೂ ಸಾಲದು ಅನ್ನಿಸಿ, ಕೂಸನ್ನು ತೌಡಿಗೆ ಮಾರಿಬಿಡೋಣ ಅಂದಳು.

ನೀವು ಹಾಗೆ ಬಾಯಿ ಬಿಟ್ಟುಕೊಂಡು ನೋಡಬೇಡಿ. ನಮ್ಮ ಕಡೆ ಅದೊಂದು ಶಾಸ್ತ್ರ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ಕೂರಿಸಿ, ತಿಪ್ಪೆಗೆ ಮುಟ್ಟಿಸಿ, ಬೇರೆ ಮನೆಯವರಿಗೆ ಒಂದು ಮೊರ ತೌಡಿಗೆ ಮಾರುವುದು. ಅಕ್ಕಿ ಮಾಡುವಾಗ ಉದುರುವ ಪುಡಿಯೇ ತೌಡು, ದನಕ್ಕೆ ಹಾಕುತ್ತಾರೆ. ಅಷ್ಟು ಅಗ್ಗದ ಕೂಸು, ಅದೂ ಬೇರೆಯವರದು ಅಂದರೆ ಕೆಟ್ಟದ್ದು ಅದರ ತಂಟೆಗೆ ಬರುವುದಿಲ್ಲ ಎಂದು ನಂಬಿಕೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ತೌಡನ್ನು ಹಿಂದಕ್ಕೆ ಕೊಡಬೇಕು. ಆಗ ಕೊಂಡವರು ‘ನಮ್ಮ ಕೂಸನ್ನು ಸಾಕಿಕೊಡಿ’ ಎಂದು ಕೂಸನ್ನು ಒಪ್ಪಿಸುತ್ತಾರೆ. ಅಲ್ಲಿಯವರೆಗೆ ಕೂಸಿನ ಅಪ್ಪನಿಗೆ ವಿಷಯ ತಿಳಿಯಬಾರದು. ತೌಡು ಹೊಸಲು ದಾಟಿ ಮನೆಯೊಳಗೆ ಬರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಯಾರೂ ತಿನ್ನಬಾರದು. ಕೂಸಿನ ಬೆಲೆ ತಿಂದರೆ ಕೂಸನ್ನೇ ತಿಂದಂತೆ ಎಂದು ಅಜ್ಜಿ ಹೇಳುತ್ತಿದ್ದಳು.

ಒಂದು ಭಾನುವಾರ ಅಪ್ಪ ಗದ್ದೆಗೆ ಹೋದ ಮೇಲೆ ವ್ಯಾಪಾರ ನಡೆಯಿತು. ಕೊಳ್ಳುವವಳು ಎದುರುಮನೆಯ ದೊಡ್ಡವ್ವ. ನಮಗೆ ನೆಂಟಳಲ್ಲ, ಆದರೆ ಊರಿನ ಮಕ್ಕಳಿಗೆಲ್ಲ ಅವಳು ದೊಡ್ಡವ್ವ. ಮೊರದಲ್ಲಿ ಕೂತಿದ್ದ ತಮ್ಮ ಅದರ ಅಂಚನ್ನೇ ಕಚ್ಚುತ್ತಿದ್ದ.

“ನಮ್ಗೆ ಬ್ಯಾಡ್ದಿರೋ ಕೂಸೊಂದದೆ. ತಕ್ಕತೀಯೇನಮ್ಮಿ?” ಎಂದಳು ಅಜ್ಜಿ.

ದೊಡ್ಡವ್ವ ಸಂತೆಯಲ್ಲಿ ಕುರಿ ನೋಡುವಂತೆ ಅವನನ್ನು ತಿರುಗಿಸಿ ನೋಡಿದಳು. “ಬಡ್ಕಲು ಕೂಸು. ಮೂಗ್ ಬ್ಯಾರೆ ಸುರೀತದೆ. ಒಂದ್ ಮೊರ ತೌಡ್ ಕೊಟ್ಟೇನು.”

“ಸಾಕು ಬುಡು. ಇದ್ಕೆ ಅದೇ ಜಾಸ್ತಿ.”

ನನಗೆ ಸಿಟ್ಟು ಬಂತು. ಮೂಗನ್ನು ನಾನು ಆಗ ತಾನೇ ಒರೆಸಿ ತಂದಿದ್ದೆ. ದೊಡ್ಡವ್ವ ತೌಡು ಸುರಿದು ಕೂಸನ್ನು ಎತ್ತಿಕೊಂಡು ಬೀದಿ ದಾಟಿದಳು. ಅವಳ ಸೊಸೆಗೂ ಒಂದು ಎಳೆಗೂಸು ಇದ್ದುದರಿಂದ ತಮ್ಮನ ಹಾಲಿಗೆ ತೊಂದರೆಯಿರಲಿಲ್ಲ. ಅಜ್ಜಿ ತೌಡಿನ ಮೊರವನ್ನು ಕೊಟ್ಟಿಗೆಯಲ್ಲಿ ಎಮ್ಮೆಗೆ ಎಟುಕದ ಕಡೆ ಇಟ್ಟು, “ಒತ್ತು ಮುಳುಗೋಗಂಟ ಅವ್ನು ನಿನ್ ತಮ್ಮ ಅಲ್ಲ ಕಣಮ್ಮಿ. ಆ ಕಡೆ ತಿರುಗಿ ನೋಡ್ಬ್ಯಾಡ,” ಎಂದಳು. ಅವ್ವ ಅವತ್ತು ಗದ್ದೆಗೆ ಹೋಗಲಿಲ್ಲ. ಒಲೆಯ ಮುಂದೆ ಕೂತು ಉರಿಯುತ್ತಿದ್ದ ಸೌದೆಯನ್ನೇ ಮತ್ತೆ ಮತ್ತೆ ಒಳಕ್ಕೆ ನೂಕುತ್ತಿದ್ದಳು.

ನನಗೆ ಮಾತ್ರ ರಜ ಸಿಕ್ಕಿತ್ತು. ಎಷ್ಟೋ ತಿಂಗಳ ಮೇಲೆ ಸೊಂಟ ಖಾಲಿಯಾಗಿತ್ತು. ಓಡಿ ಹೋಗಿ ಕುಂಟೆಬಿಲ್ಲೆ ಆಟಕ್ಕೆ ಸೇರಿಕೊಂಡೆ. ಕೂಸು ಹೊತ್ತು ಹೊತ್ತು ಮೈ ಒಂದು ಕಡೆಗೆ ವಾಲಿತ್ತೋ ಏನೋ, ಮೊದಲೆರಡು ಸಲ ಗೆರೆ ತುಳಿದೆ. ಆಮೇಲೆ ಸರಿಹೋಯಿತು. ಆಲೆಮನೆಯಿಂದ ಬೆಲ್ಲ ಕುದಿಯುವ ವಾಸನೆ ಬೀದಿಯುದ್ದಕ್ಕೂ ಬರುತ್ತಿತ್ತು. ಬಿಸಿಲು ನೆತ್ತಿಗೆ ಬಂದು ಹೊಟ್ಟೆ ಹಸಿಯುವವರೆಗೂ ತಮ್ಮನ ನೆನಪು ನನಗೆ ಬರಲಿಲ್ಲ.

ಊಟಕ್ಕೆಂದು ಮನೆಗೆ ಬಂದಾಗ ಅಜ್ಜಿ ಕೊಟ್ಟಿಗೆಯಲ್ಲಿ ನಿಂತಿದ್ದಳು. ಕೈಯಲ್ಲಿ ಖಾಲಿ ಮೊರ. ಅಪ್ಪ ನಡುವೆ ಬಂದು ಉಂಡು, ತಿರುಗಿ ನಾಲೆಯ ಕಡೆ ಹೋಗಿದ್ದ. ಹೋಗುವಾಗ ಎಮ್ಮೆಗೆ ನೀರು ಕುಡಿಸಿದ್ದ. ಕೊಟ್ಟಿಗೆಯಲ್ಲಿ ಒಂದು ಮೊರ ತೌಡು ಕಂಡರೆ ರೈತನಾದವನು ಏನು ಮಾಡುತ್ತಾನೋ ಅದನ್ನೇ ಮಾಡಿದ್ದ. ತೌಡನ್ನು ಪೂರ್ತಿ ಬಾನಿಗೆ ಸುರಿದು ಕಲಸಿ ಎಮ್ಮೆಯ ಮುಂದೆ ಇಟ್ಟಿದ್ದ. ಎಮ್ಮೆ ಇನ್ನೂ ಮೂತಿ ನೆಕ್ಕಿಕೊಳ್ಳುತ್ತಿತ್ತು.

“ಕೂಸಿನ್ ಬೆಲೆ ತಿಂದ್ಬುಟ್ವಲ್ಲ,” ಎಂದು ಅಜ್ಜಿ ಅಲ್ಲೇ ಕೂತುಬಿಟ್ಟಳು.

ಅವ್ವ ಓಡಿ ಬಂದಳು. “ಮೂಟೇಲಿ ಬ್ಯಾರೆ ತೌಡದೆಯಲ್ಲ ಅತ್ತೆ, ಅದ್ನೇ ಅಳ್ದು ಕೊಡನ.”

“ಬ್ಯಾರೆ ತೌಡು ಕೊಟ್ರೆ ಅದ್ ಬ್ಯಾರೆ ಬೆಲೆ. ಆಗಕಿಲ್ಲ ಕಣವ್ವ.”

ಅವ್ವ ಗೋಡೆ ಹಿಡಿದುಕೊಂಡು ನಿಂತಳು. ಅವರಿಬ್ಬರಿಗೆ ಕೂಸಿನ ಜೀವದ ಭಯ. ನನಗೆ ಅಷ್ಟು ದೂರದ ಯೋಚನೆ ಹತ್ತಲಿಲ್ಲ. ನನ್ನ ಲೆಕ್ಕ ಸಣ್ಣದು. ತೌಡು ಹೋಯಿತು, ಆದ್ದರಿಂದ ತಮ್ಮನೂ ಹೋದ. ಇನ್ನು ಮೇಲೆ ಅವನು ಎದುರುಮನೆಯ ಸೊಂಟದ ಮೇಲೆ ಬೆಳೆಯುತ್ತಾನೆ, ನಾನು ಬೀದಿಯ ಈಚೆಗೆ ನಿಂತು ನೋಡಬೇಕು. ಅಷ್ಟು ಹೊತ್ತು ಹಿತವಾಗಿದ್ದ ಖಾಲಿ ಸೊಂಟ ಈಗ ನನ್ನದಲ್ಲ ಅನ್ನಿಸಿತು. ಅಜ್ಜಿ ನೋಡಬೇಡ ಅಂದಿದ್ದನ್ನು ಮರೆತು ಬೀದಿ ದಾಟಿ ಓಡಿದೆ.

ದೊಡ್ಡವ್ವನ ಜಗಲಿಯ ಮೇಲೆ ತಮ್ಮ ಕೂತು ಮರದ ಸೌಟನ್ನು ನೆಲಕ್ಕೆ ಬಡಿಯುತ್ತಿದ್ದ. ನನ್ನನ್ನು ನೋಡಿದ. ನೋಡಿ ಮತ್ತೆ ಸೌಟು ಬಡಿಯತೊಡಗಿದ. ಇಷ್ಟು ದಿನ ಹೊತ್ತ ನನಗಿಂತ ಒಂದು ಸೌಟು ಹೆಚ್ಚಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

“ನನ್ ತಮ್ಮುನ್ ಕೊಡು ದೊಡ್ಡವ್ವ.”

“ನಿನ್ ತಮ್ಮ ಯಾರಮ್ಮಿ? ಇವ್ನು ನನ್ ಮಗ,” ಎಂದಳು ದೊಡ್ಡವ್ವ. ಅವಳು ತಮಾಷೆ ಮಾಡುತ್ತಿರಲಿಲ್ಲ. ಶಾಸ್ತ್ರದ ಪ್ರಕಾರ ಹಾಗೆಯೇ ಹೇಳಬೇಕಿತ್ತು.

“ತೌಡ ಎಮ್ಮೆ ತಿಂದ್ಬುಡ್ತು,” ಎಂದು ನಾನು ಬಿಕ್ಕಿದೆ.

ದೊಡ್ಡವ್ವನ ಮುಖ ಬದಲಾಯಿತು. ಕೂಸನ್ನು ಸೊಸೆಯ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ನಮ್ಮ ಕೊಟ್ಟಿಗೆಗೆ ಬಂದಳು. ಖಾಲಿ ಮೊರ ನೋಡಿದಳು, ಬಾನಿ ನೋಡಿದಳು, ಎಮ್ಮೆಯ ಸುತ್ತ ಒಂದು ಸುತ್ತು ಬಂದು ಅದರ ಹೊಟ್ಟೆಯ ಮೇಲೆ ಕೈಯಿಟ್ಟಳು.

“ತೌಡು ಎಲ್ಲೂ ಓಗಿಲ್ಲ ಕಣತ್ತೆ. ಇಲ್ಲೇ ಒಟ್ಟೇಲದೆ. ಎಮ್ಮೇನೆ ನಮ್ ಕೊಟ್ಗೆಗೆ ಒಡ್ಕೊಂಬನ್ನಿ. ನನ್ ತೌಡು ನನ್ಗೆ ಬಂದಂಗಾಯ್ತು.”

ಅಜ್ಜಿ ತಲೆಯೆತ್ತಿದಳು. ಈ ಮಾತಿನಲ್ಲಿ ಎಲ್ಲಾದರೂ ತೂತು ಇದೆಯೇ ಎಂದು ಎಲ್ಲ ಕಡೆಯಿಂದ ಯೋಚಿಸಿದಳು. “ಆಮ್ಯಾಕೆ ಎಮ್ಮೆ ಗತಿ?”

“ತೌಡು ಆಚೆಗ್ ಬರೋಗಂಟ ನಮ್ಮಲ್ಲೇ ಇರ್ಲಿ. ಬೆಳಗಾನ ಬತ್ತದೆ ಬುಡು, ಅದ್ ಇನ್ನೆಲ್ಗೋಯ್ತದೆ.”

ಹೀಗೆ ತೀರ್ಮಾನವಾಯಿತು. ಆದರೆ ಎಮ್ಮೆಗೆ ಶಾಸ್ತ್ರ ಯಾರು ಹೇಳಬೇಕು? ಹೊಟ್ಟೆ ತುಂಬಿದ ಎಮ್ಮೆ ಬೀದಿಯ ನಡುವೆ ಬಂದು ನಿಂತುಬಿಟ್ಟಿತು. ಅವ್ವ ಹಗ್ಗ ಜಗ್ಗಿದಳು, ದೊಡ್ಡವ್ವ ಹಿಂದಿನಿಂದ ನೂಕಿದಳು, ಅಜ್ಜಿ ಬೈದಳು. ಆಲೆಮನೆಗೆ ಕಬ್ಬು ಹೊತ್ತ ಗಾಡಿಯೊಂದು ಬಂದು ದಾರಿಯಿಲ್ಲದೆ ನಿಂತಿತು. ಗಾಡಿಯವನು ಏನು ಸಮಾಚಾರ ಎಂದು ಕೇಳಿದ. ಯಾರೂ ಬಾಯಿ ಬಿಡಲಿಲ್ಲ. ಹೊತ್ತು ಇಳಿಯುತ್ತಿತ್ತು. ದೀಪ ಹಚ್ಚುವುದರೊಳಗೆ ತೌಡು ಆ ಕೊಟ್ಟಿಗೆ ಸೇರದಿದ್ದರೆ ಕೂಸು ಈಚೆಗೆ ಬರುವಂತಿರಲಿಲ್ಲ. ಕೊನೆಗೆ ನಾನು ಓಡಿ ಹೋಗಿ ಕರುವನ್ನು ಬಿಚ್ಚಿ ತಂದೆ. ಕರು ಕುಣಿಯುತ್ತ ದೊಡ್ಡವ್ವನ ಕೊಟ್ಟಿಗೆಗೆ ನುಗ್ಗಿತು. ಎಮ್ಮೆ ಒಂದು ಸಲ ಕೂಗಿ, ತಾನಾಗಿಯೇ ಹಿಂದೆ ಹೋಯಿತು.

ದೊಡ್ಡವ್ವ ಎಮ್ಮೆಯನ್ನು ಗೂಟಕ್ಕೆ ಕಟ್ಟಿ, ಕೈ ತೊಳೆದು, ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. “ನನ್ ಕೂಸ ಸಾಕ್ಕೊಡಿ ಕಣತ್ತೆ,” ಎಂದಳು. ಅಜ್ಜಿ ಕೈ ಚಾಚುವುದರೊಳಗೆ ನಾನು ನುಗ್ಗಿ ಅವನನ್ನು ಸೊಂಟಕ್ಕೆ ಹಾಕಿಕೊಂಡೆ. ಅವನು ನನ್ನ ಜಡೆ ಹಿಡಿದು ಬಾಯಿಗೆ ತುರುಕಿಕೊಂಡ. ಸ್ವಲ್ಪ ಹೊತ್ತಿಗೆ ನನ್ನ ಲಂಗ ಬೆಚ್ಚಗಾಯಿತು. ಅವತ್ತು ನಾನು ಬೈಯಲಿಲ್ಲ.

ಅವ್ವ ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಕೈಕಾಲು ತೊಳೆದು ಹಾಲು ಕರೆಯಲು ಕೊಟ್ಟಿಗೆಗೆ ಹೋದವನು ಹಾಗೆಯೇ ತಿರುಗಿ ಬಂದ.

“ಎಮ್ಮೆ ಎಲ್ಲವ್ವ?”

“ಎದುರ್ಮನೇಲದೆ. ನೀ ತಿನ್ಸಿದ್ ತೌಡ ಕೊಟ್ಟುಬರಕೆ ಓಗ್ಯದೆ,” ಎಂದಳು ಅಜ್ಜಿ. ಶಾಸ್ತ್ರ ಮುಗಿದಿದ್ದರಿಂದ ಈಗ ಹೇಳಬಹುದಿತ್ತು. ಬೆಳಗಿನಿಂದ ನಡೆದದ್ದನ್ನು ಹೇಳಿದಳು.

ಅಪ್ಪ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಬೈಯಲೂ ಇಲ್ಲ. ನನ್ನ ಸೊಂಟದ ಮೇಲಿದ್ದ ಕೂಸನ್ನು ನೋಡುತ್ತ ನಿಂತ.

“ಅಂಗಾರೆ ಇದು ನಮ್ದಲ್ಲ?”

“ಅಲ್ಲ ಕಣ್ಲಾ. ಅವ್ರದು. ನಾವು ಸಾಕೋರು ಅಷ್ಟೇಯ.”

ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈ ಒರೆಸಿಕೊಂಡ. ಕೈ ಆಗಲೇ ಒಣಗಿತ್ತು. ಆದರೂ ಒರೆಸಿಕೊಂಡ. ಆಮೇಲೆ, “ಕೊಡಮ್ಮಿ ಇಲ್ಲಿ,” ಎಂದ.

ಅವನಿಗೆ ಕೂಸು ಹಿಡಿಯುವುದು ಮರೆತೇ ಹೋಗಿತ್ತು. ತುಂಬಿದ ನೀರಿನ ಕೊಡದ ಹಾಗೆ ಎರಡು ಕೈಯಲ್ಲಿ ಮುಂದಕ್ಕೆ ಹಿಡಿದುಕೊಂಡ. ತಮ್ಮ ಆ ಹೊಸ ಮುಖವನ್ನು ಚೆನ್ನಾಗಿ ನೋಡಿ, ಮೀಸೆಗೆ ಕೈ ಹಾಕಿ ಜಗ್ಗಿದ. ಅಪ್ಪ ಅವನನ್ನು ಎದೆಗೆ ಒತ್ತಿಕೊಂಡು ಜಗಲಿಗೆ ಹೋಗಿ ಕತ್ತಲೆಯ ಕಡೆ ಮುಖ ಮಾಡಿ ಕೂತ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮುದ್ದೆಗೆ ಹಿಟ್ಟು ಕೂಡಿಸಲು ಹೋದಳು. ಅವತ್ತು ಊಟ ತಡವಾಯಿತು. ನನಗೆ ಖುಷಿಯಾಯಿತು, ಯಾಕೆಂದು ಆಗ ತಿಳಿಯಲಿಲ್ಲ.

ಬೆಳಿಗ್ಗೆ ದೊಡ್ಡವ್ವ ಎಮ್ಮೆಯನ್ನೂ ಕರುವನ್ನೂ ಕರೆದಿಟ್ಟ ಹಾಲನ್ನೂ ಕಳಿಸಿಕೊಟ್ಟಳು. ಸಗಣಿಯನ್ನು ಮಾತ್ರ ಒಂದು ಚೂರೂ ಬಿಡದೆ ಬೆರಣಿ ತಟ್ಟಿಕೊಂಡಳು. ತಮ್ಮ ಉಳಿದದ್ದು ತೌಡಿನಿಂದಲೋ, ಮದ್ದೂರಿನ ಸೀಸೆಯ ಔಷಧಿಯಿಂದಲೋ ನನಗೆ ಗೊತ್ತಿಲ್ಲ. ಔಷಧಿಯಿಂದಲೇ ಇರಬೇಕು. ಆದರೆ ಅಪ್ಪ ಅವನನ್ನು ಎತ್ತಿಕೊಂಡದ್ದು ಔಷಧಿಯಿಂದ ಅಲ್ಲ.

ಈಗ ಮಂಡ್ಯದ ನಮ್ಮ ಈ ಮನೆಯಲ್ಲಿ ಯಾರೂ ಯಾರನ್ನೂ ತೌಡಿಗೆ ಮಾರುವುದಿಲ್ಲ. ಮಾರುತ್ತೇವೆ ಅಂದರೂ ತೌಡು ಎಲ್ಲಿ ಸಿಗುತ್ತದೆ ಎಂದು ನಿಮ್ಮಮ್ಮ ಫೋನಿನಲ್ಲಿ ಹುಡುಕಬೇಕು. ನಿಮ್ಮ ಪುಟ್ಟ ತಂಗಿ ಹೊಟ್ಟೆಯಲ್ಲಿದ್ದಾಗಲೇ ಅವಳ ಚಿತ್ರ ತೆಗೆಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಿರಿ. ಯಾವ ತಿಂಗಳು ಯಾವ ಸೂಜಿ ಎಂದು ನಿಮಗೇ ಬಾಯಿಪಾಠ. ಒಳ್ಳೆಯದೇ. ನನಗೆ ಆ ಕಾಲ ತಿರುಗಿ ಬರಲಿ ಎಂದು ಒಂದು ದಿನವೂ ಅನ್ನಿಸಿಲ್ಲ.

ಅವಳು ಹುಟ್ಟಿದ ದಿನ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ನರ್ಸು ಬಾಗಿಲು ತೆರೆದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು, “ಯಾರದು ಇದು?” ಎಂದಳು. ನಿಮ್ಮಪ್ಪ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದವನು ಫೋನನ್ನು ಹಾಗೆಯೇ ಬೆಂಚಿನ ಮೇಲೆ ಬಿಟ್ಟು ಎದ್ದು ಹೋದ. ಎರಡು ಕೈಯನ್ನೂ ಚಾಚಿ, “ನಮ್ದು, ನಮ್ದು,” ಎಂದ. ಅಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ. ಒಂದು ಕೂಸನ್ನು ನೋಡಿ ನಮ್ಮ ಮನೆಯ ಗಂಡಸೊಬ್ಬ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅವತ್ತೇ.