ಬೊಚ್ಚುಬಾಯಿಯ ಸ್ಯಾಕ್ಸೊಫೋನ್

ಕಾಕ್ಸ್‌ಟೌನಿನ ಅರುಳಪ್ಪನವರ ಹಲ್ಲೆಲ್ಲ ಉದುರಿದಾಗ, ಇನ್ನು ಇವರು ಸ್ಯಾಕ್ಸೊಫೋನ್ ಊದಿದ ಹಾಗೇ ಎಂದು ಬ್ಯಾಂಡಿನವರು ನಕ್ಕರು. ಐವತ್ತು ವರ್ಷ ದಂಡು ಪ್ರದೇಶದ ಹೋಟೆಲುಗಳಲ್ಲಿ ಜಾಝ್ ನುಡಿಸಿದ್ದ ಅವರು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತಮ್ಮ ಮೊದಲ ಆಲ್ಬಮ್ಮಿಗೆಂದು ಕಮ್ಮನಹಳ್ಳಿಯ ಸ್ಟುಡಿಯೋಗೆ ಹೋದರು.

ರೆಕಾರ್ಡಿಂಗ್ ಮಾಡುತ್ತಿದ್ದ ಶೀತಲ್ ಮೊದಲ ಹಾಡಿಗೇ ತಡೆದಳು. “ಅಂಕಲ್, ಹಲ್ಲಿನ ಸೆಟ್ಟು ಕಟಕಟ ಅಂತಿದೆ.”

ಅರುಳಪ್ಪ ಸೆಟ್ಟು ತೆಗೆದು ಟೀ ಲೋಟಕ್ಕೆ ಹಾಕಿ, ತುಟಿಯನ್ನು ವಸಡಿನ ಮೇಲೆ ಮಡಿಚಿಕೊಂಡು ಊದಿದರು. ಸ್ವರ ನಡುಗಿತು.

“ನಡುಕಾನ ಕಂಪ್ಯೂಟರಲ್ಲಿ ಸರಿಮಾಡ್ತೀನಿ, ಬಿಡಿ.”

“ಮುಟ್ಟಬೇಡಮ್ಮ. ಹಲ್ಲಿದ್ದಾಗ ಯಾರೂ ರೆಕಾರ್ಡ್ ಮಾಡ್ಲಿಲ್ಲ. ಈಗ ಬೊಚ್ಚುಬಾಯಿ ಹೆಂಗೆ ಕೂಗುತ್ತೋ ಹಂಗೇ ಜನ ಕೇಳ್ಲಿ.”

ಆಲ್ಬಮ್ ಹಾಗೆಯೇ ಹೊರಬಂತು. ಮೊನ್ನೆ ಅರುಳಪ್ಪ ತೀರಿಕೊಂಡಾಗ, ಶವಪೆಟ್ಟಿಗೆ ಮುಚ್ಚುವ ಮುನ್ನ ಅವರ ಬಾಯಿಗೆ ಸೆಟ್ಟು ಹಾಕಲು ಹೊರಟವರನ್ನು ಹೆಂಡತಿ ರೋಸ್‌ಮೇರಿ ತಡೆದರು.

“ಹಾಗೇ ಬಿಡ್ರಪ್ಪ. ಅವರು ಊದಿದ್ದು ಆ ಬಾಯಲ್ಲೇ.”