ಕೌದಿಯ ಹೊಟ್ಟೆ

ರೋಣದ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತಳಾದ ಮೇಲೂ ನಾನು ಐದಕ್ಕೆ ಏಳುತ್ತೇನೆ. ಹಾಸಿಗೆ ಮಡಿಸಿ, ಅಂಗಳ ಗುಡಿಸಿ, ಆಮೇಲೆ ಚಹಾ. ಚಿಕ್ಕಂದಿನಲ್ಲಿ ಹಾಸ್ಟೆಲು ಕಲಿಸಿದ ಕ್ರಮ, ಬಿಟ್ಟಿಲ್ಲ. ಹೋದ ವರ್ಷ ಸೂಡಿಯ ತವರುಮನೆಯಲ್ಲಿ ಒಂದು ಕೆಲಸ ಶುರುವಾಗಲು ಈ ಕ್ರಮ ನೆರವಾಯಿತು. ನಡುವೆ ನಿಂತ ಅದೇ ಕೆಲಸ ಮತ್ತೆ ಹೊರಟಿದ್ದು ಮಾತ್ರ ಬೇರೆ ರೀತಿಯಲ್ಲಿ.

ಕೆಲಸ ನನ್ನ ತಮ್ಮನ ಹೆಂಡತಿಯದು. ಕೌದಿ ಹೊಲಿಯುವುದರಲ್ಲಿ ಅವಳದು ಪಳಗಿದ ಕೈ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನತ್ತ ಸುತ್ತುತ್ತ ಹೊಲಿಯುತ್ತ ಬಂದಳೆಂದರೆ ಒಂದು ಹೊಲಿಗೆಯೂ ಅಡ್ಡಾದಿಡ್ಡಿ ಆಗದು. ಅವನ್ನು ಮಾರಬೇಕೆಂಬ ಆಸೆ ಬಹಳ ದಿನದ್ದು. ಅದಕ್ಕೆಂದು ಗದಗಿನಲ್ಲೊಂದು ತರಬೇತಿ, ರೋಣದಲ್ಲೊಂದು ತರಬೇತಿ, ಮೊಬೈಲಿನಲ್ಲಿ ದಿನಾ ಒಂದು ಭಾಷಣ. ಗಿರಾಕಿಯನ್ನು ಹೇಗೆ ಮಾತನಾಡಿಸಬೇಕು, ಮಾಲಿನ ಫೋಟೋ ಯಾವ ಬೆಳಕಿನಲ್ಲಿ ತೆಗೆಯಬೇಕು, ಎಲ್ಲವೂ ಬಾಯಿಪಾಠ. ತರಬೇತಿಯಿಂದ ಬಂದ ದಿನ ಮುಖ ಅರಳಿರುತ್ತಿತ್ತು. ವಾರದೊಳಗೆ ಕಡಲೆಯ ರಾಶಿಯೋ ಯಾರದೋ ಮದುವೆಯೋ ಬಂದು ಉತ್ಸಾಹವೆಲ್ಲ ಇಳಿದುಹೋಗುತ್ತಿತ್ತು.

"ಎಲ್ಲಾ ಗ್ರುಪ್ ಫೋಟೋದಾಗ ಈಕಿ ಮುಂದಿನ ಸಾಲಿನ್ಯಾಗ ಅದಾಳ ನೋಡಕ್ಕಾ," ಎಂದು ತಮ್ಮ ಕೆಣಕುತ್ತಿದ್ದ. "ಮಾರಿದ್ದ ಕೌದಿ ಮಾತ್ರ ಒಂದೂ ಇಲ್ಲ."

ಒಂದು ದಿನ ಕೇಳಿದೆ: "ಯಾವಾಗ ಶುರು ಮಾಡ್ತಿ?"

"ಬರೋ ತಿಂಗಳ ಇನ್ನೊಂದ ತರಬೇತಿ ಐತ್ರಿ ಅಕ್ಕಾರ. ಅದೊಂದ ಮುಗೀಲ್ರಿ."

"ಬ್ಯಾಡ. ನಾಳೆ ಹಾಲು ಹಿಂಡಿ ಮುಗಿಸಿದ ಕೂಡ್ಲೇ ಅರಿವಿ ಹಾಸು. ಮಧ್ಯಾಹ್ನದ ಅಡಿಗಿ ತನಕ ಹೊಲಿ. ದಿನಾ."

"ಹಬ್ಬದ ದಿನಾನೂ ಏನ್ರಿ?"

"ಹಬ್ಬದ ದಿನ ಹಲ್ಲ ತಿಕ್ಕೋದ ಬಿಡ್ತಿ ಏನ?"

ಅವಳು ನಕ್ಕಳು. ಮರುದಿನ ರೋಣದಿಂದ ಮೊದಲ ಬಸ್ಸು ಹಿಡಿದು ಹೋಗಿ ಅವಳ ಪಕ್ಕದಲ್ಲೇ ಕುಳಿತೆ. ಗಜೇಂದ್ರಗಡದ ಅರಿವೆ ಅಂಗಡಿಗಳಿಂದ ಉಳಿದ ತುಂಡುಗಳನ್ನು ತಂದೆವು. ಬಿತ್ತನೆ ಮುಗಿಯುವ ಹೊತ್ತಿಗೆ ಐದು ಕೌದಿ ಸಿದ್ಧವಾದವು. ನರಗುಂದದಲ್ಲಿ ಚಾದರ, ಪರದೆ ಮಾರುವ ಸಾಹುಕಾರರೊಬ್ಬರು ಅವನ್ನು ಎದುರಿನ ಕಪಾಟಿನಲ್ಲೇ ಇಟ್ಟುಕೊಂಡರು. ಗಿರಾಕಿಗಳು ಕೇಳಿದರೆ ಮತ್ತೆ ತರಿಸುವುದಾಗಿ ಹೇಳಿದರು.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಸುತ್ತ ಹೊಲಿಯುತ್ತ ಬಂದ ಮೇಲೆ ಕೌದಿಯ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅಲ್ಲಿ ಒಂದು ಚೂರು ಹೋಳಿಗೆ ಇಟ್ಟು ಕೊನೆಯ ಹೊಲಿಗೆ ಹಾಕಬೇಕು. ಹಸಿದ ಕೌದಿ ಹೊದ್ದವರಿಗೆ ಹೊಟ್ಟೆ ತುಂಬುವುದಿಲ್ಲ ಎಂಬುದು ನಮ್ಮವ್ವನ ನಂಬಿಕೆ. ಮನೆಯ ಕೌದಿಯನ್ನು ದಿನಾ ಕೊಡವುತ್ತೇವೆ, ಬಿಸಿಲಿಗೆ ಹಾಕುತ್ತೇವೆ, ಅದಕ್ಕೆ ಏನೂ ಆಗುವುದಿಲ್ಲ. ಆದರೆ ಈ ಐದೂ ಪರವೂರಿಗೆ ಹೊರಟವು ಎಂದು ತಮ್ಮನ ಹೆಂಡತಿ ಒಂದೊಂದರ ಹೊಟ್ಟೆಗೂ ಹೂರಣ ಹೆಚ್ಚಿಗೆ ತುಂಬಿದ್ದಳು. ಮಡಿಸಿದ ಕೌದಿಗಳು ಅಂಗಡಿಯ ಕಟ್ಟಿಗೆಯ ಕಪಾಟಿನಲ್ಲಿ ವಾರಗಟ್ಟಲೆ ಕುಳಿತವು.

ತಮ್ಮನ ಹೆಂಡತಿಗೆ ಸಾಹುಕಾರರ ಫೋನು ಬಂದಾಗ ನಾನೂ ಪಕ್ಕದಲ್ಲೇ ಇದ್ದೆ.

"ಅವ್ವಾರ, ಕೌದಿಯೊಳಗ ಏನ ಇಟ್ಟೀರಿ? ಕೆಂಪಿರಿವಿ ಸಾಲು ಹಚ್ಚಿ ಹೊಂಟಾವ. ಮಗ್ಗಲಿನ ಚಾದರನೂ ಯಾರೂ ಮುಟ್ಟವಲ್ರು!"

"ಹೋಳಿಗಿ ರೀ."

"ಏನು?"

"ಹೋಳಿಗಿ ರೀ. ಕೌದಿ ಹೊಟ್ಟಿಗೆ."

ಸಾಹುಕಾರರ ದನಿ ಇಳಿಯಿತು. "ನಮ್ಮವ್ವನೂ ಇಡ್ತಿದ್ಲರಿ, ಮನಿ ಕೌದಿಗೆ. ಅಂಗಡಿ ಮಾಲಿಗೆ ಯಾರ ಇಡ್ತಾರ್ರಿ? ಒಯ್ಯಿರಿ. ವಾರದಾಗ ಚೊಕ್ಕ ಮಾಡಿ ತಂದ್ರ ಜಾಗಾ ನಿಮ್ದು. ಇಲ್ಲಂದ್ರ ಅಲ್ಲಿ ರಗ್ಗು ಇಡ್ತೀನಿ."

ಹೋಗಿ ತಂದೆವು. ಬಸ್ಸಿನಲ್ಲಿ ಗಂಟು ಅವಳ ಕಾಲ ಬಳಿ ಇತ್ತು. ಇರುವೆ ಕಚ್ಚಿದರೂ ಕಾಲು ಸರಿಸಲಿಲ್ಲ. ಮನೆಗೆ ಬಂದು, "ಯಾವ ತರಬೇತಿ ಒಳಗೂ ಇದನ್ನ ಹೇಳಿದ್ದಿಲ್ಲರಿ ಅಕ್ಕಾರ," ಎಂದಳು.

"ಇರಿವಿ ತರಬೇತಿ ಎಲ್ಲಿ ಐತಿ ಕೇಳು. ಅದಕ್ಕೂ ಹೋಗಿ ಬಾ," ಎಂದ ತಮ್ಮ.

ಮರುದಿನ ಹಾಲು ಹಿಂಡಿ ಆಯಿತು. ಅವಳು ಅರಿವೆ ಹಾಸಲಿಲ್ಲ. ನನಗೆ ಹೆದರಿಕೆ ಇದ್ದದ್ದು ಅದರದೇ. ಒಂದು ಬೆಳಗು ತಪ್ಪಿದರೆ ಎರಡನೆಯದು ತಪ್ಪುವುದು ಸುಲಭ, ಮೈದಾನದಲ್ಲಿ ಎಷ್ಟೋ ಮಕ್ಕಳನ್ನು ಹಾಗೆ ಕಳೆದುಕೊಂಡಿದ್ದೇನೆ. ಕೂಡಲೇ ಹೇಳಿದೆ: "ಹೋಳಿಗಿ ಬಂದ್ ಮಾಡು. ಖಾಲಿ ಹೊಲಿ. ಏಳು."

ಕಟ್ಟೆಯ ಮೇಲಿದ್ದ ಅವ್ವ ತಲೆ ಎತ್ತಿದಳು. "ಹಂಗಾರ ಅದಕ್ಕ ಕೌದಿ ಅನಬ್ಯಾಡ್ರಿ. ಹಸದ ಬಟ್ಟಿ ಅನ್ರಿ."

"ಅವ್ವಾ, ಅಂಗಡ್ಯಾಗ ಇರಿವಿ ಆಗ್ತಾವ."

"ಇರಿವಿಗೆ ಗೊತ್ತಾತು ಹೊಟ್ಟಿ ತುಂಬೇತಿ ಅಂತ. ನಿನಗ ಗೊತ್ತಾಗವಲ್ದು."

ನಾವಿಬ್ಬರೂ ಜಗಳಕ್ಕೆ ನಿಂತೆವು. ಅಷ್ಟರಲ್ಲಿ ತಮ್ಮನ ಹೆಂಡತಿ ಕತ್ತರಿ ತಂದು ಒಂದು ಕೌದಿಯ ನಡುವನ್ನು ಬಿಚ್ಚಿ, ಕಪ್ಪಾಗಿದ್ದ ಚೂರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: "ಅತ್ತೀ, ದೇವರಿಗೆ ಎಡಿ ಹಿಡೀತೀವಲ್ರಿ. ದೇವರು ಅದನ್ನ ಹೊಟ್ಯಾಗ ಇಟಗೊಂಡ ಕುಂಡ್ರತಾನೇನ್ರಿ?"

"ತೋರಿಸಿದ್ರ ಮುಟ್ಟತೈತಿ," ಎಂದಳು ಅವ್ವ.

"ಹಂಗಾರ ಕೌದಿಗೂ ಹಂಗ ಮುಟ್ಟಲಿ. ನಡುವ ಹೋಳಿಗಿ ಇಟ್ಟು ತೋರಸೂಣು. ತಗದು ಆಮ್ಯಾಲೆ ಹೊಲಿಯೂಣು."

ಅವ್ವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ತಗದದ್ದನ್ನ ಯಾರ ತಿನ್ನೋರು?"

"ಹೊಲಿದೋರು ರೀ."

"ಕುಂತ ನೋಡಿದೋರಿಗೂ ಒಂದ ತುಂಡ ಇರ್ಲಿ."

"ದವಾಖಾನ್ಯಾಗ ನಿನಗ ಸಿಹಿ ಬ್ಯಾಡ ಅಂದಾರ," ಎಂದೆ.

"ಕೌದಿ ಪ್ರಸಾದಕ್ಕ ಡಾಕ್ಟರ ಏನಂತಾನ, ಹೋಗ!"

ತಮ್ಮನ ಹೆಂಡತಿ ಸೆರಗು ಸಿಕ್ಕಿಸಿ ಎದ್ದಳು. ಐದನ್ನೂ ಬಿಚ್ಚಿ, ಒಗೆದು, ಬಿಸಿಲಿಗೆ ಹರವಿದಳು. ಹೊತ್ತು ಸಾಲದೆಂದು ನಾನು ಹಾಕಿಕೊಟ್ಟ ವೇಳೆಯನ್ನು ತಾನೇ ಬದಲಿಸಿ, ಹಾಲು ಹಿಂಡುವ ಮೊದಲೇ ಒಂದು ಸುತ್ತು ಹೊಲಿಯತೊಡಗಿದಳು. "ಅಕ್ಕಾರ, ನೀವು ದಾರ ಪೋಣಿಸ್ರಿ" ಎಂದು ಅಪ್ಪಣೆ ಮಾಡಿದಳು. ಪೋಣಿಸಿದೆ. ಅವ್ವ ಚೂರು ಹೋಳಿಗೆಯನ್ನು ಕೌದಿಯ ಮೇಲಿಟ್ಟು, ಸುತ್ತ ನೀರು ತಿರುಗಿಸಿ, ಕೈ ಮುಗಿದು, ತನ್ನ ಪಾಲು ಮೊದಲು ಎತ್ತಿಕೊಂಡಳು.

ವಾರ ತುಂಬುವ ಮೊದಲೇ ನರಗುಂದದ ಅಂಗಡಿಯಲ್ಲಿದ್ದೆವು. ಸಾಹುಕಾರರು ಒಂದೊಂದೇ ಕೌದಿ ಬಿಡಿಸಿ, ನಡುವೆ ಬೆರಳಿನಿಂದ ಒತ್ತಿ ನೋಡಿ, ಮೂಸಿದರು.

"ಹೊಟ್ಟಿ ಖಾಲಿ ಐತಲ್ರೀ ಅವ್ವಾರ."

"ಉಂಡ ಬಂದಾವ್ರಿ," ಎಂದಳು ಇವಳು.

ಅವರು ಗಟ್ಟಿಯಾಗಿ ನಕ್ಕು ಐದನ್ನೂ ಅದೇ ಕಪಾಟಿನಲ್ಲಿ ಜೋಡಿಸಿದರು. ಇವಳು ಅಷ್ಟಕ್ಕೇ ತಿರುಗಲಿಲ್ಲ. ಮುಂದಿನವು ಯಾವ ಅಳತೆಯವು ಬೇಕು, ತೊಟ್ಟಿಲಿಗೂ ಸಣ್ಣವು ಹೋಗುತ್ತವೆಯೇ ಎಂದು ಕೇಳಿ ತಿಳಿದುಕೊಂಡಳು.

ಬಸ್ಸು ನಿಲ್ದಾಣದಲ್ಲಿ ಅವಳ ಫೋನು ರಿಂಗಾಯಿತು. ಹೊಸ ತರಬೇತಿಗೆ ಕರೆ.

"ಎಷ್ಟೊತ್ತಿಗೆ ರೀ? ಮುಂಜಾನೆ ಆಗೂದಿಲ್ಲರಿ, ಮುಂಜಾನೆ ನಾ ಹೊಲೀತಿರತೀನಿ. ಮಧ್ಯಾಹ್ನದ ಮ್ಯಾಲೆ ಇಟ್ಟರ ಹೇಳ್ರಿ, ಬರ್ತೀನಿ." ಫೋನು ಇಟ್ಟು ನನ್ನ ಕಡೆ ತಿರುಗಿದಳು. "ಲಗೂ ಬರ್ರಿ ಅಕ್ಕಾರ, ರೋಣದ ಬಸ್ಸು ಹೊಂಟೈತಿ."